ಪ್ರೂಟ್ ಕಂಪನಿಯ ಐದು ಸಹಿಗಳು

“ಇನ್ನೊಂದು ಸಹಿ ಬೇಕು,” ಎಂದಳು ವರ್ನಾ ಕ್ಲೌಸೆನ್.

ಗೇಲನ್ ಪ್ರೂಟ್ ಪೆನ್ನನ್ನು ಕಾಗದದ ಮೇಲೆ ಕುಕ್ಕಿದ. “ಇದು ಮೂರನೇದು. ಕಂಪ್ಯೂಟರ್ ಬಂದ್ಮೇಲೆ ಕಾಗದದ ಕಾಟ ಇರಲ್ಲ ಅಂದ್ರಲ್ಲ?”

“ಕಳಿಸೋದು ಕಂಪ್ಯೂಟರಿಂದಾನೇ. ಆದ್ರೆ ಕಳಿಸು ಅಂತ ಕಂಪನಿ ಅಧ್ಯಕ್ಷ ಸಹಿ ಹಾಕದೆ ನಾನು ಗುಂಡಿ ಒತ್ತೋ ಹಾಗಿಲ್ಲ. ಒಂದು ಅಂಕಿ ಬದಲಾದ್ರೂ ಹೊಸ ಕಾಗದ, ಹೊಸ ಸಹಿ. ನಿನಗೆ ಗೊತ್ತಿರೋದೇ.”

ಗೊತ್ತಿತ್ತು. ಅಮೆರಿಕದ ಅಯೋವಾ ರಾಜ್ಯದ ಆ ಸಣ್ಣ ಊರಿನಲ್ಲಿ ಕಂಪನಿಗಳ ತೆರಿಗೆ ರಿಟರ್ನ್ ತುಂಬುವವಳು ವರ್ನಾ ಒಬ್ಬಳೇ. ಗೇಲನ್‌ನ ಜಲ್ಲಿ ಕ್ವಾರಿ ಅವನ ಮನೆಯ ಹಿತ್ತಲಿಗೇ ಅಂಟಿಕೊಂಡಿತ್ತು. ಅಲ್ಲಿಂದ ಅವನು ಕದಲುವವನಲ್ಲ. ದಿನಸಿಯೂ ಬಾಗಿಲಿಗೇ ಬರಬೇಕು. ರಾಜ್ಯದ ರಿಟರ್ನ್‌ಗೆ ಕೊನೆಯ ದಿನವಾದ ಏಪ್ರಿಲ್ ಮೂವತ್ತರಂದು ಮಾತ್ರ ಊರೊಳಗೆ ಬಂದು ಸಹಿ ಹಾಕಿ ಹೋಗುತ್ತಿದ್ದ. ಪ್ರತಿ ವರ್ಷ ಅರ್ಧ ಗಂಟೆಯ ಕೆಲಸ. ಈ ಸಲ ಹತ್ತಕ್ಕೆ ಬಂದವನು ಹನ್ನೆರಡೂವರೆಗೂ ಅದೇ ಕುರ್ಚಿಯಲ್ಲಿದ್ದ.

ಎದ್ದು ಹೋಗುವಂತಿರಲಿಲ್ಲ. ಸೋಮವಾರ ಕೌಂಟಿ ರಸ್ತೆಗಳ ಜಲ್ಲಿ ಟೆಂಡರ್. ರಿಟರ್ನ್ ಸ್ವೀಕೃತವಾಗಿದೆ ಎಂಬ ರಾಜ್ಯದ ಚೀಟಿ ಇಲ್ಲದಿದ್ದರೆ ಅರ್ಜಿಯನ್ನು ಯಾರೂ ಮೂಸಿಯೂ ನೋಡುವುದಿಲ್ಲ.

ವರ್ನಾಳೂ ಸಿಕ್ಕಿಬಿದ್ದಿದ್ದಳು. ಒಂದನೇ ತರಗತಿಯಿಂದ ಬಲ್ಲ ಮನುಷ್ಯ. ಸಿಟ್ಟು ನೆತ್ತಿಗೇರಿದರೆ ಎದುರಿಗೆ ಯಾರಿದ್ದಾರೆಂದು ನೋಡುವವನಲ್ಲ. ಆದರೂ ಕೆಲಸ ಮುಗಿಯುವ ಮೊದಲು ಅವನು ಎದ್ದು ಹೋದರೆ ಎಲ್ಲವೂ ನೀರಲ್ಲಿ ಹೋಮ. ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

“ಲೊರೀನಳ ತಪ್ಪೇ ಇದು,” ಎಂದ ಗೇಲನ್. “ಲೆಕ್ಕ ಬರೆಯೋದು ಅವಳು. ಮನೆಗೆ ಹೋಗಿ ವಿಚಾರಿಸ್ಕೋತೀನಿ.”

“ನಿನ್ನ ಹೆಂಡತಿ ಲೆಕ್ಕ ಬಲು ಅಚ್ಚುಕಟ್ಟು. ತಪ್ಪೆಲ್ಲಾ ನನ್ನದೇ,” ಎಂದು ವರ್ನಾ ಕೀಲಿಮಣೆಯ ಮೇಲೆ ಬೆರಳಾಡಿಸಿದಳು. “ಯಾವ ವ್ಯವಹಾರ ಅಂತ ತೋರಿಸೋ ಸಂಖ್ಯೆ ಹೊಂದ್ತಿಲ್ಲ ಅಂತ ರಿಟರ್ನ್ ವಾಪಸ್. ಜಲ್ಲಿ ಬದಲು ಮರಳಿನ ಸಂಖ್ಯೆ ಬಿದ್ದಿದೆ.”

“ನಾನ್ಯಾವಾಗ ಮರಳು ಮಾರಿದೆ?”

“ಅದನ್ನೇ ಅವರೂ ಕೇಳ್ತಿರೋದು. ತಗೋ, ಸಹಿ ಹಾಕು.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಗೇಲನ್ ಪ್ರೂಟ್ ಅಂದು ಕುರ್ಚಿಯಲ್ಲಿ ಕೂತೇ ಕಲಿತ. ನಾಲ್ಕನೆಯ ಸಹಿ ಬಿತ್ತು.

ಮೊಬೈಲ್ ತೆಗೆದು ನೋಡಿದ. ಅದು ಹಿಂದೆ ಬ್ಯಾಂಕಾಗಿದ್ದ ಕಟ್ಟಡ. ಆ ಗೋಡೆಗಳ ನಡುವೆ ಸಿಗ್ನಲ್ ಸಿಗುತ್ತಿರಲಿಲ್ಲ. ಮೇಜಿನ ಫೋನಿನಲ್ಲಿ ರಾಜ್ಯದ ಸಹಾಯವಾಣಿ ಹನ್ನೊಂದರಿಂದ ಪಿಯಾನೋ ನುಡಿಸುತ್ತಿತ್ತು. ನಡುನಡುವೆ ಒಂದು ಹೆಣ್ಣುದನಿ, ನಿಮ್ಮ ಕರೆ ನಮಗೆ ಮುಖ್ಯ ಎನ್ನುತ್ತಿತ್ತು.

“ಒಂದ್ನಿಮಿಷ ಅದನ್ನ ಇಡು. ಮನೆಗೆ ಫೋನ್ ಮಾಡ್ಬೇಕು.”

“ಇಟ್ರೆ ಸಾಲಿನ ತುದಿಗೆ ಹೋಗ್ತೀವಿ ಗೇಲನ್. ಮತ್ತೆರಡು ಗಂಟೆ.”

“ಗಂಟೆಗೊಂದು ಸಲ ಮಾತಾಡದಿದ್ರೆ ಅವಳಿಗೆ ತಲೆ ನಿಲ್ಲಲ್ಲ.”

“ಅವಳಿಗೋ ನಿನಗೋ?” ಎಂದು ನಕ್ಕು ವರ್ನಾ ಮಾಂಸದ ಸ್ಯಾಂಡ್‌ವಿಚ್‌ಗಳನ್ನೂ ರೂಬಾರ್ಬ್ ಎಂಬ ಹುಳಿ ದಂಟು ತುಂಬಿ ಬೇಯಿಸಿದ ಒಂದು ಇಡೀ ಸಿಹಿ ಪೈಯನ್ನೂ ಅವನ ಮುಂದಿಟ್ಟಳು. ಬೆಳಿಗ್ಗೆ ಐದಕ್ಕೆದ್ದು ಮಾಡಿದ್ದು.

“ಏನಿದು, ಹಬ್ಬಾನಾ?”

“ಹಳೇ ಗಿರಾಕಿ ಅಲ್ವಾ. ತಿನ್ನು.”

ತಿಂದ. ತಿನ್ನಲು ಜಾಗ ಮಾಡಿಕೊಳ್ಳಲೆಂದು ಮೇಜಿನ ಮೇಲಿದ್ದ ಎರಡು ಕೀಲಿಗೊಂಚಲುಗಳನ್ನು ಪಕ್ಕಕ್ಕೆ ತಳ್ಳಿದ. ಒಂದು ತನ್ನ ಟ್ರಕ್ಕಿನದು, ಇನ್ನೊಂದು ಲೊರೀನಳ ಕಾರಿನದು. ಪೆಟ್ರೋಲಿನ ರೇಟು ಈ ಪಾಟಿ ಇರುವಾಗ ಹೆಂಗಸಿನ ಕೈಗೆ ಕೀಲಿ ಕೊಡಬಾರದು ಎನ್ನುವುದು ಅವನ ಸಿದ್ಧಾಂತ. ಕ್ವಾರಿಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ.

ಎರಡು ಗಂಟೆಗೆ ಎದ್ದೇಬಿಟ್ಟ. ಕೀಲಿಗಳನ್ನು ಬಾಚಿಕೊಂಡ. “ಮನೆಗೆ ಹೋಗಿ ಬರ್ತೀನಿ. ಹದಿನೈದು ನಿಮಿಷ.”

ವರ್ನಾ ಆದಷ್ಟು ಸಲೀಸಾಗಿ ಹೇಳಿದಳು. “ಹೋಗು. ನೀನು ಆ ಕಡೆ ಹೋಗ್ತಿದ್ದ ಹಾಗೇ ಸಹಾಯವಾಣಿಯವರು ಎತ್ತುತ್ತಾರೆ. ತಿದ್ದು ಅಂತಾರೆ. ತಿದ್ದಿದ್ಮೇಲೆ ಸಹಿ ಯಾರು ಹಾಕ್ತಾರೆ? ನಾಲ್ಕೂವರೆಗೆ ಅವರು ಬಾಗಿಲು ಹಾಕ್ತಾರೆ. ಸೋಮವಾರ ಟೆಂಡರ್ ಯಾರಿಗೆ ಹೋಗುತ್ತೆ ಅಂತ ನಾನು ಹೇಳ್ಬೇಕಾ?”

ಗೇಲನ್ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ನಿಂತ. ಪಿಯಾನೋ ಮೊದಲಿನಿಂದ ಶುರುವಾಯಿತು. ಅವಳ ಕಡೆ, ಫೋನಿನ ಕಡೆ, ಗಡಿಯಾರದ ಕಡೆ ನೋಡಿದ.

“ಹಾಳು ಸರ್ಕಾರ,” ಎಂದು ಬಂದು ಕೂತ.

ಎರಡೂವರೆಗೆ ಐದನೆಯ ಸಹಿ. ಈ ಸಲ ದಿನಾಂಕ ಬರೆದ ರೀತಿ ಸರಿಯಿಲ್ಲವಂತೆ. ಗೇಲನ್ ಗೀಚಿ ಕಾಗದವನ್ನು ಅವಳತ್ತ ತಳ್ಳಿದ. ಕುತ್ತಿಗೆ ಕೆಂಪಗಾಗಿತ್ತು.

ಮೂರೂ ಹತ್ತಕ್ಕೆ ಪರದೆಯ ಮೂಲೆಯಲ್ಲೊಂದು ಸಂದೇಶ ಮಿನುಗಿತು. ವರ್ನಾ ಓದಿದಳು. ಮತ್ತೊಮ್ಮೆ ಓದಿದಳು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

“ಏನಂತೆ? ಆಯ್ತಾ?”

“ಆಯ್ತು. ಯಾವ ತೊಂದರೇನೂ ಇಲ್ಲ.”

ರಾಜ್ಯದ ಚೀಟಿಯನ್ನು ಮುದ್ರಿಸಿ ಕೊಟ್ಟಳು. ಅವನು ಓದದೆಯೇ ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದ. “ಮುಂದಿನ ವರ್ಷ ಬೇರೆಯವರ ಹತ್ರ ಹೋಗ್ತೀನಿ,” ಎಂದ.

“ಹಾಗೇ ಮಾಡು.”

ಟ್ರಕ್ಕು ಹೊರಟ ಸದ್ದು ಕೇಳಿದ ಮೇಲೆ ವರ್ನಾ ಎದ್ದು ಬಾಗಿಲಿಗೆ ಒಳಗಿನಿಂದ ಬೀಗ ಹಾಕಿದಳು. ಫೋನಿನ ಪಿಯಾನೋ ನಿಲ್ಲಿಸಿದಳು. ಗೇಲನ್‌ನ ಜೇಬಿನಲ್ಲಿದ್ದ ಚೀಟಿಯ ಮೇಲೆ ರಿಟರ್ನ್ ಸ್ವೀಕರಿಸಿದ ಸಮಯ ಅಚ್ಚಾಗಿತ್ತು: ಬೆಳಿಗ್ಗೆ ಹತ್ತು ಇಪ್ಪತ್ತು. ಮೊದಲನೆಯ ಸಹಿಗೇ ಕೆಲಸ ಮುಗಿದಿತ್ತು.

ಪರದೆಯ ಮೂಲೆಯ ಸಂದೇಶವನ್ನು ಅಳಿಸುವ ಮೊದಲು ಅವಳು ಇನ್ನೊಮ್ಮೆ ಓದಿಕೊಂಡಳು. “ನೆಬ್ರಾಸ್ಕಾ ರಾಜ್ಯದ ಗಡಿ ದಾಟಿದ್ವಿ. ನಿಮ್ಮ ತಂಗಿ ಎಲ್ಲೂ ಗಾಡಿ ನಿಲ್ಲಿಸಲಿಲ್ಲ. ಇನ್ನು ಅವನನ್ನ ಬಿಟ್ಬಿಡಿ ವರ್ನಾ. ಇಂತಿ, ಲೊರೀನ್.”