ಬರ್ಡಿ ಚೆಂಡುಗಳು

ಸಾಹೇಬರಿಗೆ ಕೊಡುವಂಥ ವಸ್ತು ಅಮರಯ್ಯನ ಮನೆಯಲ್ಲಿ ಒಂದೂ ಇರಲಿಲ್ಲ, ಗಾಲ್ಫ್ ಚೆಂಡುಗಳ ಡಬ್ಬಿಯೊಂದನ್ನು ಬಿಟ್ಟು. ಶನಿವಾರ ಬೆಳಿಗ್ಗೆ ಅದನ್ನು ಅಟ್ಟದಿಂದ ಕೆಳಗಿಳಿಸಿದ. ಅವನ ಸಾಹೇಬರಾದ ನರಸಿಂಹರಾಯರು ತಮ್ಮ ಗಾಲ್ಫ್ ಸಂಗ್ರಹವನ್ನೆಲ್ಲ ಹೊಸ ಕ್ಲಬ್ಬಿಗೆ ಉಡುಗೊರೆಯಾಗಿ ಕೊಡುತ್ತಿದ್ದರು. ಅಲ್ಲಿ ಅದಕ್ಕೆಂದೇ ಗಾಜಿನ ಕಪಾಟು ಮಾಡಿಸಿದ್ದರಂತೆ. ಭಾನುವಾರ ಡಬ್ಬಿ ತೆಗೆದುಕೊಂಡು ಬರಬೇಕೆಂದು ರಾಯರ ಮಗಳು ಹರ್ಷದಾ ಫೋನಿನಲ್ಲಿ ಎರಡು ಸಲ ಹೇಳಿದ್ದಳು.

ಅಮರಯ್ಯ ಇಪ್ಪತ್ತೆರಡು ವರ್ಷ ರಾಯರ ಕ್ಯಾಡಿಯಾಗಿದ್ದವನು. ಕೋಲುಗಳ ಚೀಲ ಹೊರುವುದು, ಚೆಂಡು ಹುಡುಕುವುದು, ಒರೆಸಿ ಕೈಗೆ ಕೊಡುವುದು ಅವನ ಕೆಲಸ. ಊರಂಚಿನ ನಾಚಾರಂ ಆಚೆಗಿದ್ದ ಮೈದಾನಕ್ಕೆ ಒಂಬತ್ತೇ ಕುಳಿ. ಹುಲ್ಲಿಗೆ ನೀರಿಲ್ಲದೆ ಕುಳಿಗಳ ಸುತ್ತ ಎಣ್ಣೆ ಬೆರೆಸಿದ ಮರಳು ಹರಡುತ್ತಿದ್ದರು. ಒಂದು ಕುಳಿಗೆ ಇಷ್ಟು ಹೊಡೆತ ಎಂದು ಗೊತ್ತುಮಾಡಿದ್ದಕ್ಕಿಂತ ಒಂದು ಕಡಿಮೆಯಲ್ಲಿ ಚೆಂಡು ಕುಳಿಗೆ ಬಿದ್ದರೆ ಅದು ಬರ್ಡಿ. ಬರ್ಡಿ ಮಾಡಿದ ಚೆಂಡನ್ನು ರಾಯರು ಮತ್ತೆ ಆಡುತ್ತಿರಲಿಲ್ಲ. ಅದರ ಮೇಲೆ ಪೆನ್ನಿನಿಂದ ತಾರೀಖು, ಕುಳಿಯ ನಂಬರು ಬರೆದು, ಇದರಲ್ಲಿ ಅರ್ಧ ನಿನ್ನದು ಎಂದು ಅಮರಯ್ಯನ ಕಡೆಗೆ ಎಸೆಯುತ್ತಿದ್ದರು. ಆ ಮೈದಾನ ಈಗಿಲ್ಲ. ಹನ್ನೊಂದು ವರ್ಷದ ಹಿಂದೆ ಮುಚ್ಚಿತು, ಅಲ್ಲಿ ಆಫೀಸುಗಳು ಎದ್ದಿವೆ.

ಡಬ್ಬಿಯೊಳಗಿನ ಚೆಂಡುಗಳಿಗೆ ಕೆಂಪು ಮಣ್ಣು, ಡಾಂಬರು, ಮರಳಿನ ಎಣ್ಣೆ ಹತ್ತಿತ್ತು. ಬೆವರಿದ ಕೈ ತಾಗಿದ ಕಡೆ ಬರೆದದ್ದು ನೀಲಿಯಾಗಿ ಹರಡಿತ್ತು. ಅಮರಯ್ಯ ಬಕೆಟ್ಟಿಗೆ ಸೋಡಾ ಹಾಕಿ ಬ್ರಶ್ ಹಿಡಿದು ಕೂತ. ಸೋಡಾಕ್ಕೆ ಬಗ್ಗದ ಕಲೆಗಳಿಗೆ ಹೆಂಡತಿಯಿಂದ ತಿನ್ನರ್ ಇಸಿದುಕೊಂಡ. ಹಂಪಮ್ಮ ಕಟ್ಟಡಗಳಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಹೋಗುತ್ತಿದ್ದಳು, ಮನೆಯಲ್ಲಿ ತಿನ್ನರ್ ಬಾಟಲಿ ಇದ್ದೇ ಇರುತ್ತಿತ್ತು.

"ನಮ್ಮ ಲಗ್ನದ ದಿನಾನೂ ನೀ ಇಷ್ಟು ತಿಕ್ಕೊಂಡು ಬಂದಿರ್ಲಿಲ್ಲ," ಎಂದಳು ಅವಳು.

ಪೆನ್ನಿನ ಗುರುತನ್ನು ಒರೆಸುವಾಗ ಅಮರಯ್ಯನಿಗೆ ಏನೂ ಅನಿಸಲಿಲ್ಲ. ಚೆಂಡಿನ ಮೇಲೆ ಆಟಗಾರರು ಗುರುತು ಹಾಕುವುದು ಯಾರ ಚೆಂಡು ಯಾರದೆಂದು ಜಗಳ ಬರಬಾರದು ಅಂತ. ಆಟ ಮುಗಿದ ಮೇಲೆ ಗುರುತು ಯಾತಕ್ಕೆ? ಯಾವ ಹೊಡೆತ ಯಾವತ್ತು ಹೊಡೆದದ್ದು ಎಂಬುದು ಅವನಿಗೆ ಬಾಯಿಪಾಠವಿತ್ತು. ಬರೆದದ್ದನ್ನು ಅವನು ಒಂದು ಸಲವೂ ಓದಿರಲಿಲ್ಲ.

ಭಾನುವಾರ ರಾಯರ ಮನೆಯ ಹಜಾರದಲ್ಲಿ ಎಲ್ಲವನ್ನೂ ಹರಡಿಟ್ಟಿದ್ದರು. ಮರದ ಹಿಡಿಯ ಹಳೆಯ ಕೋಲುಗಳು, ಅಬಿಡ್ಸ್ ಪೇಟೆಯ ಫುಟ್‌ಪಾತಿನಲ್ಲಿ ಕೊಂಡ ಗಾಲ್ಫ್ ಚಿತ್ರಗಳು, ಯಾರೋ ಗೆದ್ದ ಬೆಳ್ಳಿ ತಟ್ಟೆಗಳು. ಒಂದೊಂದಕ್ಕೂ ಹರ್ಷದಾ ಚೀಟಿ ಅಂಟಿಸಿದ್ದಳು. ಎಲ್ಲಿಯದು, ಯಾವಾಗಿನದು ಎಂಬ ಚೀಟಿಯಿಲ್ಲದ ಸಾಮಾನನ್ನು ಕ್ಲಬ್ಬಿನವರು ಕಪಾಟಿನಲ್ಲಿ ಇಡುವುದಿಲ್ಲವಂತೆ. ನಡುವಿನ ದೊಡ್ಡ ಟ್ರೇ ಖಾಲಿ ಇತ್ತು. ರಾಯರು ಜೀವಮಾನದಲ್ಲಿ ಒಂದು ಕಪ್ಪನ್ನೂ ಗೆದ್ದವರಲ್ಲ. ಉಳಿದದ್ದೆಲ್ಲ ಕೊಂಡು ತಂದದ್ದು. ಅವರೂ ಆಡಿದ್ದರು ಎಂಬುದಕ್ಕೆ ಇದ್ದದ್ದು ಈ ಚೆಂಡುಗಳು ಮಾತ್ರ.

ಅಮರಯ್ಯ ಡಬ್ಬಿಯನ್ನು ಟ್ರೇಗೆ ಸುರಿದ. ರಾಯರು ಒಂದನ್ನು ಎತ್ತಿಕೊಂಡು ತಿರುಗಿಸಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ತಿರುಗಿಸಿದರು. ಇನ್ನೊಂದನ್ನು ಎತ್ತಿಕೊಂಡರು.

"ಇವು ನಮ್ಮವೇನೋ, ಅಮರಯ್ಯಾ?"

"ನಿಮ್ಮವ ರೀ ಸಾಹೇಬ್ರ. ತೊಳ್ದು ತಂದೀನಿ. ಹೊಲಸು ಚೆಂಡು ಎಂದಾದ್ರೂ ನಿಮ್ಮ ಕೈಯಾಗ ಕೊಟ್ಟೀನೇನ್ರಿ?"

ಇಲ್ಲ ಎಂದರು ರಾಯರು. ಹರ್ಷದಾ ಪೆನ್ನು ಕೆಳಗಿಟ್ಟಳು. ತಾರೀಖು ಚೆಂಡಿನ ಮೇಲೆ ಮಾತ್ರ ಇತ್ತು, ಅಪ್ಪ ಬೇರೆ ಎಲ್ಲಿಯೂ ಬರೆದಿಟ್ಟಿಲ್ಲ ಎಂದು ಮೆಲ್ಲಗೆ ಹೇಳಿದಳು. ಅಮರಯ್ಯನಿಗೆ ಆಗ ತಿಳಿಯಿತು. ಆದರೂ ಅವನು ಹೆದರಲಿಲ್ಲ. ತಾನು ಹೇಳುತ್ತೇನೆ, ಅಕ್ಕಾವ್ರು ಬರೆದುಕೊಳ್ಳಲಿ ಎಂದ.

ನಾಲ್ಕನೇ ಕುಳಿಯಿಂದ ಶುರುಮಾಡಿದ. ಯುಗಾದಿಯ ಮರುದಿನ, ಕೆರೆ ಕಡೆಯಿಂದ ಗಾಳಿ. ಸಾಹೇಬರು ಐದನೇ ನಂಬರಿನ ಕೋಲು ಕೇಳಿದರು, ತಾನು ಏಳನೆಯದು ಕೊಟ್ಟದ್ದಕ್ಕೆ ಬೈದರು, ಆದರೂ ಅದರಲ್ಲೇ ಚೆಂಡು ಹೊಡೆದರು. ಚೆಂಡು ಬೇವಿನ ಮರ ದಾಟಿ ಮರಳಿನ ಮೇಲೆ ಉರುಳಿತು. ರಾಯರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರ ಬಲಗೈ ಮೊಣಕಾಲಿನ ಮೇಲೆ ಕೋಲು ಹಿಡಿದಂತೆ ಮಡಿಚಿಕೊಂಡಿತ್ತು.

"ಹೌದು. ಅವತ್ತ ನೀ ಚೀಲಾ ಒಗದು ಓಡಿದ್ದಿ," ಎಂದರು.

"ಅದು ಯಾವ ಚೆಂಡು, ಕಾಕಾ?" ಹರ್ಷದಾ ಪೆನ್ನು ಎತ್ತಿಕೊಂಡಳು.

ಅಮರಯ್ಯ ಟ್ರೇಗೆ ಕೈಹಾಕಿದ. ಆ ಚೆಂಡಿಗೆ ಅವನಿಟ್ಟುಕೊಂಡಿದ್ದ ಗುರುತು ಬದಿಯ ಡಾಂಬರಿನ ಚುಕ್ಕೆ. ಎರಡನೇ ಕುಳಿಯದಕ್ಕೆ ಕೆಂಪು ಮಣ್ಣು, ಏಳನೆಯದಕ್ಕೆ ಬೇಲಿಯ ಹಸಿರು ಬಣ್ಣ. ಅವನ ಕೈ ಒಂದು ಚೆಂಡಿನಿಂದ ಇನ್ನೊಂದಕ್ಕೆ ಹೋಯಿತು, ಅಲ್ಲಿಂದ ಮತ್ತೊಂದಕ್ಕೆ. ಎಲ್ಲವೂ ಅಂಗಡಿಯಿಂದ ಈಗ ತಂದ ಹಾಗೆ ಬೆಳ್ಳಗಿದ್ದವು.

"ತೊಳ್ಯೋದ್ರಾಗ ನಿನ್ನ ಯಾರೂ ಮೀರ್ಸಂಗಿಲ್ಲ ಬಿಡು," ಎಂದರು ರಾಯರು. ನಕ್ಕರು, ಆಮೇಲೆ ನಗು ನಿಲ್ಲಿಸಿದರು.

ಮಧ್ಯಾಹ್ನದ ತನಕ ಅಮರಯ್ಯ ಒಂದೊಂದು ಚೆಂಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಊಟಕ್ಕೆ ಕರೆದರೂ ಏಳಲಿಲ್ಲ. ಕಲ್ಲಿಗೆ ಬಡಿದು ಸೀಳಿದವು ಮೂರು, ನಾಯಿ ಕಚ್ಚಿದ್ದು ಒಂದು ಸಿಕ್ಕಿತು. ಆ ನಾಲ್ಕಕ್ಕೆ ಹರ್ಷದಾ ಚೀಟಿ ಬರೆದಳು. ಡಬ್ಬಿಯಲ್ಲಿ ಮೂವತ್ತೇಳು ಚೆಂಡುಗಳಿದ್ದವು. ಮೂವತ್ತಮೂರು ಬರ್ಡಿಗಳು ಗುರುತಿಲ್ಲದೆ ಹೋದವು.