ಠೇವಣಿ ಇಟ್ಟ ಬಂದೂಕು

ಪಡಸಾಲೆಯ ಗೋಡೆಯಲ್ಲಿದ್ದ ಗೂಟಗಳಿಗೆ ಮರಿಬಸಪ್ಪ ಕೈ ಹಾಕಿದ. ಕೈಗೆ ಸಿಕ್ಕಿದ್ದು ಬಂದೂಕಲ್ಲ, ಬೆಳ್ಳುಳ್ಳಿ ತುಂಬಿದ ಕೈಚೀಲ.

"ಬಂದೂಕು ಎಲ್ಲೈತಿ?"

ಹೆಂಡತಿ ಚನ್ನವೀರಮ್ಮ ಬಾಗಿಲಲ್ಲಿ ನಿಂತಿದ್ದಳು. "ಸ್ಟೇಷನ್ನಾಗ ಐತಲ್ರಿ. ಎಲೆಕ್ಷನ್ ಮುಗಿಯೂಮಟ ಪೊಲೀಸರ ಹತ್ರ ಇಡಬೇಕಂತ ನೀವ ಸಿರುಗುಪ್ಪಕ್ಕ ಹೋಗಿ ಕೊಟ್ಟು ಬಂದೀರಿ."

"ಎಲೆಕ್ಷನ್ ಮುಗದು ಯಾವ ಕಾಲಾತು. ಇನ್ನಾ ಯಾಕ ಕರದಿಲ್ಲ ಅವ್ರು?"

ಕರೆದಿದ್ದರು. ಹೋದ ವಾರ ಗಂಡನ ಫೋನು ಚಾರ್ಜಿಗಿದ್ದಾಗ ಅಂಜಿನೇಯ ಎಂಬ ಪೊಲೀಸಿನವನು ಫೋನು ಮಾಡಿ, ಬಂದೂಕು ತೆಗೆದುಕೊಂಡು ಹೋಗಿ ಎಂದಿದ್ದ. ಹೂಂ ಎಂದವಳು ಗಂಡನಿಗೆ ತಿಳಿಸದೆ, ಖಾಲಿ ಗೂಟಕ್ಕೆ ಬೆಳ್ಳುಳ್ಳಿ ಚೀಲ ನೇತುಹಾಕಿದ್ದಳು. ಕಾಡುಹಂದಿಯಿಂದ ಬತ್ತ ಕಾಯಬೇಕೆಂದು ಲೈಸೆನ್ಸ್ ಮಾಡಿಸಿ ತಂದ ಬಂದೂಕು ಈವರೆಗೆ ಒಂದು ಹಂದಿಯ ಬಾಲವನ್ನೂ ಮುಟ್ಟಿರಲಿಲ್ಲ. ಅದು ಮನೆಗೆ ಬಂದಾಗಿನಿಂದ ಗಂಡನ ಸಿಟ್ಟಿಗೆ ಮಾತ್ರ ಹೊಸ ಗತ್ತು ಬಂದಿತ್ತು. ಯಾರ ಜೊತೆ ಮಾತು ಬೆಳೆದರೂ ಅವನ ಕಣ್ಣು ಮೊದಲು ಗೋಡೆಯ ಕಡೆ ಹೋಗುತ್ತಿತ್ತು. ಅದನ್ನು ನೋಡಿ ನೋಡಿ ಆಕೆಗೆ ಸಾಕಾಗಿತ್ತು.

ಇವತ್ತಿನ ಜಗಳ ಒಡಹುಟ್ಟಿದ ಅಣ್ಣ ದೊಡ್ಡಬಸವರಾಜನ ಜೊತೆ. ಮರಿಬಸಪ್ಪನ ಪಾಳಿಯ ನೀರನ್ನು ಆತ ತನ್ನ ಗದ್ದೆಗೆ ತಿರುಗಿಸಿಕೊಂಡಿದ್ದ. ಕೇಳಹೋದರೆ, ತಮ್ಮೂರು ಕರೂರಿನ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಮಂದಿಯ ಮುಂದೆ, "ಹೆಂಡ್ತಿ ಸೆರಗಿನಾಗ ಕುಂತು ಒಕ್ಕಲುತನ ಮಾಡಾಂವಗ ನೀರ್ಯಾಕ?" ಎಂದು ನಗಾಡಿದ್ದ.

"ಇವತ್ತು ಅಂವ ಇರಬೇಕು, ಇಲ್ಲಾ ನಾ ಇರಬೇಕು." ಮರಿಬಸಪ್ಪ ಮೂಲೆಯಲ್ಲಿದ್ದ ಗುದ್ದಲಿ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಚನ್ನವೀರಮ್ಮ ಹಿಂದೆಯೇ ಓಡಿದಳು.

ಹಿತ್ತಲು ದಾಟಿದರೆ ಕಾಲುವೆ. ಆಚೆ ದಂಡೆಯಲ್ಲಿ ದೊಡ್ಡಬಸವರಾಜ ಸಲಿಕೆ ಹಿಡಿದು ಮಣ್ಣು ಎಳೆಯುತ್ತಿದ್ದ. ಬಂದೂಕು ಇದ್ದಿದ್ದರೆ ಈಚೆ ದಂಡೆಯಿಂದಲೇ ಎಲ್ಲ ಮುಗಿದುಹೋಗುತ್ತಿತ್ತು. ಗುಂಡಿಗೇನು, ನೀರಿಗಿಳಿಯುವ ಕೆಲಸವಿಲ್ಲ. ಮನುಷ್ಯ ಇಳಿಯಬೇಕು. ಸೇತುವೆ ತುಸು ಆಚೆಗೇ ಇತ್ತು, ಆದರೆ ಮರಿಬಸಪ್ಪನ ಸಿಟ್ಟಿಗೆ ಅಷ್ಟೂ ಪುರುಸೊತ್ತಿರಲಿಲ್ಲ. ಸೊಂಟಮಟ್ಟದ ನೀರಿಗೆ ಇಳಿದೇಬಿಟ್ಟ.

"ಭಾವಾರ, ಹೋಗಿಬಿಡ್ರಿ ಅಲ್ಲಿಂದ," ಚನ್ನವೀರಮ್ಮ ಕೂಗಿದಳು.

ಆತ ಹೋಗಲಿಲ್ಲ. ಸಲಿಕೆಯನ್ನು ಬಿಗಿಯಾಗಿ ಹಿಡಿದು ದಂಡೆಯ ಅಂಚಿಗೇ ಬಂದು ನಿಂತ. "ಬಾರಲೇ. ನಾನೂ ನೋಡ್ತೀನಿ."

ಚನ್ನವೀರಮ್ಮ ನೀರಿನ ಅಂಚಿನವರೆಗೆ ಓಡಿ ನಿಂತಳು. ಸರ್ಕಾರ ಬಂದೂಕು ಇಸಿದುಕೊಂಡರೇನು, ತಾನು ಫೋನು ಬಂದದ್ದನ್ನು ಮುಚ್ಚಿಟ್ಟರೇನು? ಕೊಲ್ಲಬೇಕೆಂದವನಿಗೆ ಗುದ್ದಲಿ ಇದ್ದೇ ಇದೆ. ತಾನು ಬಂದೂಕನ್ನಷ್ಟೇ ತಪ್ಪಿಸಿದೆ, ಸಾವನ್ನಲ್ಲ ಅನ್ನಿಸಿತು.

ಮರಿಬಸಪ್ಪ ಆಚೆ ದಂಡೆ ಮುಟ್ಟಿದ. ಹಸಿ ಮಣ್ಣಿನ ಏರು. ಹತ್ತಿದ, ಜಾರಿದ, ಮತ್ತೆ ಹತ್ತಿದ. ಬಲಗೈಯಲ್ಲಿ ಗುದ್ದಲಿ, ಎಡಗೈ ಹುಲ್ಲಿಗಾಗಿ ತಡಕಾಡುತ್ತಿತ್ತು. ದೊಡ್ಡಬಸವರಾಜ ಬಗ್ಗಿ ಆ ಕೈ ಹಿಡಿದು ಅವನನ್ನು ಮೇಲಕ್ಕೆಳೆದುಕೊಂಡ. ಪ್ರೀತಿಯಿಂದಲ್ಲ, ರೂಢಿಯಿಂದ. ಸಾಲೆಗೆ ಹೋಗುವಾಗಿನಿಂದಲೂ ಇಬ್ಬರೂ ಈ ಕಾಲುವೆಯನ್ನು ಹೀಗೆಯೇ ದಾಟಿದವರು. ಜಗಳದ ಸುದ್ದಿ ಕೈಗೆ ಇನ್ನೂ ತಲುಪಿರಲಿಲ್ಲ.

ಅಣ್ಣತಮ್ಮಂದಿರು ಎದುರುಬದುರು ನಿಂತರು. ಎಡಗೈಗಳು ಒಂದನ್ನೊಂದು ಹಿಡಿದಿದ್ದವು, ಬಲಗೈಗಳಲ್ಲಿ ಗುದ್ದಲಿ, ಸಲಿಕೆ. ಯಾವ ಕೈಯನ್ನು ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ದೊಡ್ಡಬಸವರಾಜನೇ ಕೈ ಬಿಟ್ಟ.

"ಅಲ್ಲೇ ಸೇತುವಿ ಇತ್ತಲ್ಲಲೇ, ಕುರುಡ."

"ನನ್ನ ನೀರು ಬಿಡ್ತಿಯೋ ಇಲ್ಲೋ?" ಮರಿಬಸಪ್ಪನ ಹಲ್ಲು ಚಳಿಗೆ ಕಟಕಟ ಎನ್ನುತ್ತಿದ್ದವು.

"ನಾಳಿ ಬಿಡ್ತೀನಿ."

"ಇವತ್ತು."

ಆ ಮೇಲೆ ಬಾಯಿಗೆ ಬಂದಂತೆ ಬೈದಾಡಿಕೊಂಡರು. ಚನ್ನವೀರಮ್ಮ ಈಚೆ ದಂಡೆಯ ಮೇಲೆ ಕುಸಿದು ಕೂತು ಕೇಳಿದಳು. ಬೈಗುಳ ಇಷ್ಟು ಹಿತವಾಗಿ ಕೇಳಿಸಿದ್ದು ಅದೇ ಮೊದಲು.

ಸಂಜೆ ಫೋನು ಬಂತು. ಈ ಸಲ ಆಕೆ ಅದನ್ನು ಗಂಡನ ಕೈಗೇ ಕೊಟ್ಟಳು.

"ಏನಪ್ಪಾ, ಹೋದ ವಾರನ ನಿಮ್ಮ ಮನಿಯವ್ರಿಗೆ ಹೇಳಿದ್ನಲ್ಲ?" ಅಂಜಿನೇಯನ ದನಿ ಆಕೆಗೂ ಕೇಳಿಸುತ್ತಿತ್ತು. "ಬಂದು ಬಂದೂಕು ತಗೊಂಡು ಹೋಗು."

ಮರಿಬಸಪ್ಪ ಹೆಂಡತಿಯ ಮುಖ ನೋಡಿದ. ಆಕೆ ತಲೆ ತಗ್ಗಿಸಲಿಲ್ಲ. ಅವನ ಕಣ್ಣು ಎಂದಿನಂತೆ ಗೋಡೆಯ ಕಡೆ ಹೋಯಿತು, ಬೆಳ್ಳುಳ್ಳಿ ಚೀಲದ ಮೇಲೆ ನಿಂತಿತು.

"ಸಾಹೇಬ್ರ, ಮುಂದಿನ ಎಲೆಕ್ಷನ್ ಯಾವಾಗ್ರಿ?"

"ಅದಿನ್ನೂ ದೂರ ಐತಿ. ಯಾಕ?"

"ಅಲ್ಲೀಮಟ ಅಲ್ಲೇ ಇರ್ಲಿ ಬಿಡ್ರಿ. ಇಲ್ಲಿ ಗೂಟ ಖಾಲಿ ಇಲ್ಲ."