ಕ್ಯಾಲೆಂಡರ್ ಹಿಂದಿನ ಸ್ವಿಚ್ಚು

ಮಗಳು ಗಂಗಾಂಬಿಕಾಳನ್ನು ನೋಡಲು ಗಂಡಿನ ಕಡೆಯವರು ಬರುವ ಮುಂಚೆ ನಾನು ಪಡಸಾಲೆಯ ಸ್ವಿಚ್ಚಿನ ಮೇಲೆ ಕ್ಯಾಲೆಂಡರ್ ತೂಗುಹಾಕಿದೆ. ಒತ್ತಿದ ಕೂಡಲೇ ಹತ್ತುವ ದೀಪ ಈಗ ಯಾರ ಮನೆಯಲ್ಲಿದೆ ಹೇಳಿ? ಕಂಡರೆ ಹಳೇ ಕಾಲದ ಮಂದಿ ಎಂದು ಎದ್ದುಹೋದಾರು ಎಂಬ ಹೆದರಿಕೆ.

ಹುಡುಗನ ತಾಯಿ ಚೆನ್ನಬಸವ್ವ ಅವಲಕ್ಕಿ ತಿನ್ನುತ್ತಲೇ ಶುರುಮಾಡಿದರು. "ನಮ್ಮನಿ ದೀಪ ಹತ್ತಬೇಕಂದ್ರ ಇಂಟರ್ನೆಟ್ಟಿನ್ಯಾಗ ಹದಿನೇಳು ಸರ್ವರ್ ಹೂಂ ಅನ್ನಬೇಕ್ರೀ. ಒಂದಂತೂ ಐರ್ಲೆಂಡಿನ್ಯಾಗ ಐತಿ."

"ನಮ್ಮವೂ ಹನ್ನೆರಡು ಅದಾವ್ರೀ," ಎಂದು ಸುಳ್ಳು ಹೇಳಿದೆ.

ಅಷ್ಟರಲ್ಲಿ ಕತ್ತಲಾಯಿತು. ದೀಪದ ಅಪ್ಡೇಟ್ ಮುಗಿಯಲೆಂದು ಇಡೀ ಓಣಿ ಎಂದಿನಂತೆ ಕಟ್ಟೆಗಳ ಮೇಲೆ ಕಾಯುತ್ತ ಕೂತಿತು. ಗಂಗಾಂಬಿಕಾ ಚಹಾದ ತಟ್ಟೆ ಕೆಳಗಿಟ್ಟು, ನೆಟ್ಟಗೆ ಹೋಗಿ ಕ್ಯಾಲೆಂಡರ್ ಸರಿಸಿ ಸ್ವಿಚ್ ಒತ್ತಿದಳು. ಪಡಸಾಲೆ ಬೆಳಗಿತು.

"ಯಾರು ಮಾಡಿದ್ದವ್ವಾ ಇದನ್ನ?" ಎಂದರು ಚೆನ್ನಬಸವ್ವ.

"ನಾನ ಮಾಡೀನ್ರೀ. ಎರಡು ವೈರು, ಒಂದು ಸ್ವಿಚ್ಚು. ಯಾರ ಅಪ್ಪಣೀನೂ ಬ್ಯಾಡ." ಅವಳ ದನಿಯಲ್ಲಿ ನಾಚಿಕೆ ಎಳ್ಳಷ್ಟೂ ಇರಲಿಲ್ಲ.

ಚೆನ್ನಬಸವ್ವ ಎದ್ದರು. ಹೊರಟೇಬಿಟ್ಟರು ಅಂದುಕೊಂಡೆ. ಅವರು ಗೋಡೆಯ ಹತ್ತಿರ ಹೋಗಿ ದೀಪ ಆರಿಸಿದರು, ಹಚ್ಚಿದರು, ಮತ್ತೆ ಆರಿಸಿದರು. "ಈ ವಾರೆಲ್ಲ ಕತ್ತಲಾಗ ಉಣ್ಣಾಕತ್ತೀವ್ರೀ," ಎಂದರು ಮೆಲ್ಲಗೆ. ಮತ್ತೆ ಹಚ್ಚಿ ನನ್ನತ್ತ ತಿರುಗಿದರು. "ಹುಡುಗಿ ಮನಸ್ಸಿಗೆ ಬಂದಾಳ್ರೀ. ಈ ಸ್ವಿಚ್ಚನ್ನೂ ಕೂಡೇ ಕಳಸ್ತೀರೇನು?"

ನಾನು ಬಾಯಿ ತೆರೆಯುವ ಮೊದಲೇ ಮಗಳು ನಕ್ಕಳು. "ಸ್ವಿಚ್ ಇಲ್ಲೇ ಇರ್ಲಿರೀ ಅತ್ತಿ. ಮಾಡಾಕಿನ ಬರ್ತಾಳಲ್ಲ!"

ಕ್ಯಾಲೆಂಡರನ್ನು ನಾನೇ ಮೊಳೆಯಿಂದ ತೆಗೆದೆ.